140 ಅರ್ಜಿ, ಎರಡು ಇಂಟರ್‌ವ್ಯೂ. ಮುಂದೆ ಏನು ಮಾಡಲಿ?

ಪ್ರಶ್ನೆ ಕೇಳಿದವರು: ಮೊದಲ ಕಮಿಟ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ಬಿಡುವಾದಾಗ ಓದಿ.

ಡಿಗ್ರಿ ಮುಗಿದು ಒಂದು ವರ್ಷ ಆಯಿತು. ಮೊದಲ ಆರು ತಿಂಗಳು ವೆಬ್‌ಸೈಟ್ ಕಟ್ಟಲು ಬೇಕಾದ ಜಾವಾಸ್ಕ್ರಿಪ್ಟ್, ರಿಯಾಕ್ಟ್, ನೋಡ್ ಕಲಿಯುವುದರಲ್ಲಿ ಹೋಯಿತು. ಅಲ್ಲಿಂದ ಈಚೆಗೆ ಕೆಲಸ ಹುಡುಕುತ್ತಿದ್ದೇನೆ. ಹಾಕಿದ ಅರ್ಜಿಗಳನ್ನೆಲ್ಲ ಒಂದು ಶೀಟ್‌ನಲ್ಲಿ ಬರೆದಿಡುತ್ತೇನೆ. ನಿನ್ನೆಗೆ 140 ಆಯಿತು. ಅದರಲ್ಲಿ 97ಕ್ಕೆ ಉತ್ತರವೇ ಬಂದಿಲ್ಲ. 40 ಕಡೆಯಿಂದ ಒಂದೇ ಥರದ ಮೇಲ್: "ನಿಮ್ಮ ಆಸಕ್ತಿಗೆ ಧನ್ಯವಾದ, ಬೇರೆಯವರನ್ನು ಆರಿಸಿಕೊಂಡಿದ್ದೇವೆ." ಒಂದು ಕಡೆ ಮನೆಯಲ್ಲೇ ಮಾಡಿ ಕಳಿಸುವ ಅಸೈನ್‌ಮೆಂಟ್ ಕೊಟ್ಟರು. ಎರಡು ಕಡೆ ಇಂಟರ್‌ವ್ಯೂ ಆಯಿತು. ಅಷ್ಟೇ.

ಜಾಹೀರಾತು ನೋಡಿದರೆ ಮೇಲೆ "ಎಂಟ್ರಿ ಲೆವೆಲ್" ಅಂತ ಇರುತ್ತದೆ. ಕೆಳಗೆ ಹೋದರೆ "ಕನಿಷ್ಠ 2 ವರ್ಷದ ಅನುಭವ". ಜೊತೆಗೆ ಡಾಕರ್ ಬೇಕು, ಕ್ಲೌಡ್ ಬೇಕು, ಎರಡು ಥರದ ಡೇಟಾಬೇಸ್ ಬೇಕು. ಮೊದಲ ಕೆಲಸವೇ ಸಿಗದವನು ಆ ಎರಡು ವರ್ಷ ಎಲ್ಲಿಂದ ತರಬೇಕು?

ಅಸೈನ್‌ಮೆಂಟ್ ವಿಷಯ ಹೇಳುತ್ತೇನೆ. ಲಾಗಿನ್, ವಸ್ತುಗಳ ಪಟ್ಟಿ, ಹುಡುಕಾಟ, ಎಲ್ಲಕ್ಕೂ ಟೆಸ್ಟ್, ಕೊನೆಗೆ ಎಲ್ಲಾದರೂ ಹೋಸ್ಟ್ ಮಾಡಿ ಲಿಂಕ್ ಕಳಿಸಬೇಕು. ನಾಲ್ಕು ದಿನ ಕೂತು ಮಾಡಿದೆ. ಭಾನುವಾರ ರಾತ್ರಿ ಕಳಿಸಿದೆ. ಆಮೇಲೆ ಎರಡು ಸಲ ನೆನಪಿಸಿ ಬರೆದೆ. ಇವತ್ತಿನವರೆಗೂ ಉತ್ತರ ಇಲ್ಲ. ಕೋಡ್ ಇಡುವ ಗಿಟ್‌ಹಬ್ ತಾಣದಲ್ಲಿ ಟ್ರಾಫಿಕ್ ಅಂತ ಒಂದು ಪುಟ ಇದೆಯಲ್ಲ, ಕಳೆದ ಎರಡು ವಾರದಲ್ಲಿ ನಮ್ಮ ರೆಪೊ, ಅಂದರೆ ಕೋಡ್ ಇಟ್ಟ ಜಾಗ, ಎಷ್ಟು ಜನ ನೋಡಿದರು ಅಂತ ತೋರಿಸುತ್ತದೆ. ತೆಗೆದು ನೋಡಿದೆ. ಒಬ್ಬರು. ಅದು ನಾನೇ ಇರಬೇಕು.

ಮೊದಲ ಇಂಟರ್‌ವ್ಯೂನಲ್ಲಿ ಮನುಷ್ಯರು ಇರಲಿಲ್ಲ. 90 ನಿಮಿಷದ ಆನ್‌ಲೈನ್ ಪರೀಕ್ಷೆ, ಮೂರು ಪ್ರಶ್ನೆ. ಎರಡು ಬಿಡಿಸಿದೆ. ಗ್ರಾಫ್ ಬಗ್ಗೆ ಇದ್ದ ಮೂರನೆಯದು ಅರ್ಧಕ್ಕೆ ನಿಂತಿತು. ಹತ್ತು ನಿಮಿಷದಲ್ಲಿ ತಿರಸ್ಕಾರದ ಮೇಲ್ ಬಂತು.

ಎರಡನೆಯದು ನನ್ನನ್ನು ಇನ್ನೂ ಬಿಟ್ಟಿಲ್ಲ. ಮಾತಾಡಿಸಿದವರು ತುಂಬಾ ಸೌಜನ್ಯದವರು. ನನ್ನ ಹವಾಮಾನದ ಆ್ಯಪ್ ತೆರೆಯಲು ಹೇಳಿದರು. ಡ್ರಾಪ್‌ಡೌನ್‌ನಲ್ಲಿ ಒಂದು ಊರು ಆರಿಸಿದರೆ ಅಲ್ಲಿನ ಉಷ್ಣಾಂಶ ತೋರಿಸುವ ಆ್ಯಪ್ ಅದು. ಸ್ಕ್ರೀನ್ ಶೇರ್ ಮಾಡಿ ಬೇರೆ ಊರು ಆರಿಸಿದೆ. ಪುಟ ಒಂದು ಕ್ಷಣ ಬೆಳ್ಳಗಾಗಿ ಮತ್ತೆ ಬಂತು. "ಪುಟ ಯಾಕೆ ರೀಲೋಡ್ ಆಯಿತು?" ಅಂತ ಕೇಳಿದರು. ಕೋಡ್ ತೆರೆದೆ. ಪುಟ ಮೂಡಿದ ಮೇಲೆ ಒಂದು ಕೆಲಸ ಮಾಡಿಸುವ ರಿಯಾಕ್ಟ್‌ನ ಯೂಸ್‌ಎಫೆಕ್ಟ್ ಒಳಗೆ ಡೇಟಾ ತರುವ ಸಾಲುಗಳು, ಕೊನೆಯಲ್ಲಿ ಖಾಲಿ ಬ್ರಾಕೆಟ್. ಅದರ ಕೆಳಗೆ, ಊರು ಬದಲಾದಾಗ ಹೆಸರನ್ನು ಬ್ರೌಸರ್‌ನ ಲೋಕಲ್ ಸ್ಟೋರೇಜ್‌ನಲ್ಲಿ ಇಟ್ಟು ಇಡೀ ಪುಟವನ್ನೇ ರೀಲೋಡ್ ಮಾಡುವ ಒಂದು ಸಾಲು.

"ಈ ಬ್ರಾಕೆಟ್ ಯಾಕೆ ಖಾಲಿ ಇದೆ?" ಅಂದರು.

ನನಗೆ ಗೊತ್ತಿರಲಿಲ್ಲ. ಆ ಭಾಗ ಎಐ ಬರೆದುಕೊಟ್ಟದ್ದು. ಊರು ಬದಲಿಸಿದರೆ ಉಷ್ಣಾಂಶ ಬದಲಾಗುತ್ತಿಲ್ಲ ಅಂತ ಅದಕ್ಕೇ ಹೇಳಿದಾಗ ರೀಲೋಡ್ ಸಾಲು ಸೇರಿಸಿಕೊಟ್ಟಿತು. ಕೆಲಸ ಆಯಿತಲ್ಲ ಅಂತ ಬಿಟ್ಟಿದ್ದೆ. ಅರ್ಧ ನಿಮಿಷ ಸುಮ್ಮನಿದ್ದು "ಗೊತ್ತಿಲ್ಲ ಸರ್" ಅಂದೆ. ಅವರು "ಪರವಾಗಿಲ್ಲ" ಅಂತ ಬೇರೆ ಪ್ರಶ್ನೆಗೆ ಹೋದರು. ಆದರೆ ಅಲ್ಲಿಗೇ ಮುಗಿಯಿತು ಅಂತ ನನಗೆ ಗೊತ್ತಾಯಿತು.

ನನ್ನ ಜೊತೆ ಓದಿದ ಕೆಲವರು ಈ ದಾರಿಯನ್ನೇ ಬಿಟ್ಟಿದ್ದಾರೆ. ಕೋಡ್ ಬರೆಯುವ ಕೆಲಸ ಇನ್ನು ಯಂತ್ರದ್ದು, ನಿನಗೂ ಇದು ಬೇಡ ಅನ್ನುತ್ತಾರೆ. ನನಗೆ ಬಿಡಲು ಮನಸ್ಸಿಲ್ಲ. ನನಗೆ ಇದು ನಿಜವಾಗಿ ಇಷ್ಟ. ಆದರೆ ರಾತ್ರಿ ಆ ಶೀಟ್ ತೆರೆದರೆ ಎದೆ ಭಾರ ಆಗುತ್ತದೆ. ತಪ್ಪು ನನ್ನದಾ, ಕಾಲದ್ದಾ? ಎಐ ಬಳಸುವುದನ್ನು ಪೂರ್ತಿ ನಿಲ್ಲಿಸಬೇಕಾ? ಈ ಹಾದಿಯಲ್ಲಿ ನಡೆದವರು ದಯವಿಟ್ಟು ಹೇಳಿ.

ಉತ್ತರ: ಹಳೇ ಕೀಲಿಮಣೆ

ತಮ್ಮಾ, ನಾನು 14 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಫ್ರೆಷರ್‌ಗಳನ್ನು ಇಂಟರ್‌ವ್ಯೂ ಮಾಡುವುದು ನನ್ನ ಕೆಲಸದಲ್ಲಿ ಸೇರಿದೆ. ನಿಮ್ಮ ಪತ್ರ ಎರಡು ಸಲ ಓದಿದೆ.

ಮೊದಲು ಕಾಲದ ವಿಷಯ. 2020, 2021ರಲ್ಲಿ ಎಲ್ಲರೂ ಮನೆಯಿಂದ ಕೆಲಸ ಮಾಡುತ್ತಿದ್ದಾಗ ದೊಡ್ಡ ಕಂಪನಿಗಳು ವಿಪರೀತ ಜನರನ್ನು ತೆಗೆದುಕೊಂಡವು. ಸಾಲ ಅಗ್ಗವಾಗಿತ್ತು. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ 2022ರ ಮಾರ್ಚ್‌ನಿಂದ ಬಡ್ಡಿ ಏರಿಸುತ್ತಾ ಹೋಯಿತು. ಸೊನ್ನೆಯ ಹತ್ತಿರ ಇದ್ದ ದರ 2023ರ ಜುಲೈ ಹೊತ್ತಿಗೆ ಶೇ 5 ದಾಟಿತ್ತು. ಹಣ ದುಬಾರಿ ಆದ ಕೂಡಲೇ ಕತ್ತರಿ ಬಿತ್ತು. 2022ರ ನವೆಂಬರ್‌ನಲ್ಲಿ ಫೇಸ್‌ಬುಕ್‌ನ ಮೆಟಾ ಕಂಪನಿ 11,000ಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆಯಿತು. 2023ರ ಜನವರಿ ಒಂದೇ ತಿಂಗಳಲ್ಲಿ ಅಮೆಜಾನ್ 18,000ಕ್ಕೂ ಹೆಚ್ಚು, ಗೂಗಲ್ ಸುಮಾರು 12,000, ಮೈಕ್ರೋಸಾಫ್ಟ್ 10,000 ಜನರನ್ನು ತೆಗೆಯುತ್ತೇವೆ ಅಂತ ಹೇಳಿದವು. ಇವರೆಲ್ಲ ಎಲ್ಲಿಗೆ ಹೋದರು ಅಂದುಕೊಂಡಿರಿ? ನೀವು ಅರ್ಜಿ ಹಾಕುವ ಅದೇ ಪುಟಗಳಿಗೆ ಬಂದರು. ಮೂರು ವರ್ಷ ಅನುಭವ ಇರುವವರೂ ಎಂಟ್ರಿ ಲೆವೆಲ್‌ಗೆ ಅರ್ಜಿ ಹಾಕಿದರು. ಅನುಭವ ಇರುವವರು ಸಿಗುತ್ತಾರೆ ಅಂತಾದಾಗ ಜಾಹೀರಾತಿನಲ್ಲಿ "2 ವರ್ಷ" ಸೇರಿಕೊಂಡಿತು.

ಅದೇ ಹೊತ್ತಿಗೆ, 2022ರ ನವೆಂಬರ್ 30ರಂದು, ಚಾಟ್‌ಜಿಪಿಟಿ ಬಂತು. ಅದಕ್ಕೂ ಮುಂಚೆ 2021ರಲ್ಲೇ ಕೋಡ್ ಬರೆದುಕೊಡುವ ಗಿಟ್‌ಹಬ್ ಕೋಪೈಲಟ್ ಬಂದಿತ್ತು. 2025ರ ಆಗಸ್ಟ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ಎರಿಕ್ ಬ್ರಿನ್ಯಾಲ್ಫ್‌ಸನ್ ಮತ್ತು ಜೊತೆಗಾರರು ಅಮೆರಿಕದ ಸಂಬಳದ ದಾಖಲೆಗಳನ್ನು ನೋಡಿ ಒಂದು ವರದಿ ಕೊಟ್ಟರು. 22ರಿಂದ 25 ವಯಸ್ಸಿನ ಸಾಫ್ಟ್‌ವೇರ್ ಡೆವಲಪರ್‌ಗಳ ಸಂಖ್ಯೆ 2022ರ ಕೊನೆಯಲ್ಲಿ ಇದ್ದದ್ದಕ್ಕಿಂತ ಸುಮಾರು ಶೇ 20ರಷ್ಟು ಇಳಿದಿತ್ತು. ಅದೇ ಕೆಲಸದಲ್ಲಿ ಇರುವ ಹಿರಿಯರ ಸಂಖ್ಯೆ ಹಾಗೆ ಇಳಿದಿರಲಿಲ್ಲ. ಎಲ್ಲವೂ ಎಐನಿಂದಲೇ ಆಯಿತಾ ಅನ್ನುವುದರ ಬಗ್ಗೆ ತಿಳಿದವರಲ್ಲೇ ಜಗಳ ಇದೆ. ಆದರೆ ಪೆಟ್ಟು ಬಿದ್ದದ್ದು ಕೆಳಗಿನ ಮೆಟ್ಟಿಲಿಗೆ ಅನ್ನುವುದು ನಿಜ. ಆದ್ದರಿಂದ 97 ಮೌನಗಳನ್ನು ನಿಮ್ಮ ಯೋಗ್ಯತೆಯ ಅಂಕಪಟ್ಟಿ ಅಂತ ಓದಬೇಡಿ.

ಆ ಮೆಟ್ಟಿಲು ಏನಿತ್ತು ಅಂತ ನನ್ನದೇ ಕಥೆಯಿಂದ ಹೇಳುತ್ತೇನೆ. ನನ್ನ ಮೊದಲ ಕೆಲಸದಲ್ಲಿ ಮೂರು ತಿಂಗಳು ನಾನು ಹೊಸದಾಗಿ ಏನನ್ನೂ ಬರೆಯಲಿಲ್ಲ. ಬಟನ್ ಮೇಲಿನ ಅಕ್ಷರ ತಿದ್ದುವುದು, ರಿಪೋರ್ಟ್‌ನ ಕಾಲಂ ಅಗಲ ಮಾಡುವುದು, ಇಂಥವು. ಒಂದು ರಿಪೋರ್ಟ್‌ನಲ್ಲಿ ತಾರೀಕು ತಲೆಕೆಳಗಾಗಿ ಬರುತ್ತಿತ್ತು. ಏಪ್ರಿಲ್ 3 ಅಂತ ಇರಬೇಕಾದ್ದು ಮಾರ್ಚ್ 4 ಆಗುತ್ತಿತ್ತು. ಹತ್ತು ನಿಮಿಷದಲ್ಲಿ ದಿನ, ತಿಂಗಳು ಅದಲುಬದಲು ಮಾಡಿ "ಆಯಿತು" ಅಂದೆ. ಪಕ್ಕದಲ್ಲಿದ್ದ ಹಿರಿಯರು "ಮೊದಲು ಯಾಕೆ ತಪ್ಪು ಬರುತ್ತಿತ್ತು, ಅದು ಹೇಳು" ಅಂದರು. ಹೇಳಲು ಎರಡು ದಿನ ಬೇಕಾಯಿತು. ತಪ್ಪು ರಿಪೋರ್ಟ್‌ನಲ್ಲಿ ಇರಲಿಲ್ಲ. ಮೂರು ಫೈಲ್ ಹಿಂದೆ, ಡೇಟಾ ಓದಿಕೊಳ್ಳುವ ಕಡೆ ಇತ್ತು. ನಾನು ತಿದ್ದಿದ್ದರಿಂದ ಇನ್ನೊಂದು ರಿಪೋರ್ಟ್ ಕೆಟ್ಟಿತ್ತು. ಆ ಎರಡು ದಿನದಲ್ಲಿ ನಾನು ಕಲಿತದ್ದೇ ಇವತ್ತಿಗೂ ನನಗೆ ಅನ್ನ ಹಾಕುತ್ತಿದೆ.

ಈಗ ಆ ಹತ್ತು ನಿಮಿಷದ ಕೆಲಸವನ್ನು ಯಂತ್ರ ಮಾಡುತ್ತದೆ. ಅದರ ಜೊತೆಗೆ ಆ ಎರಡು ದಿನವೂ ಹೋಯಿತು. ಕಂಪನಿಗೆ ಉಳಿತಾಯ ಆದದ್ದು ಹತ್ತು ನಿಮಿಷ. ನಿಮ್ಮ ವಯಸ್ಸಿನವರಿಗೆ ಕಳೆದುಹೋದದ್ದು ಆ ಎರಡು ದಿನ. ಇದು ನನಗೆ ನಿಜವಾಗಿ ನೋವು ಕೊಡುವ ವಿಷಯ. ನಾವು ಹಿರಿಯರು ಇದರ ಬಗ್ಗೆ ನಮ್ಮ ಮೀಟಿಂಗ್‌ಗಳಲ್ಲಿ ಇನ್ನೂ ಜಾಸ್ತಿ ದನಿ ಎತ್ತಬೇಕು. ನಾನು ಎತ್ತುತ್ತಿದ್ದೇನೆ.

ಹಾಗಾಗಿ ನನ್ನ ಸಲಹೆ ಒಂದೇ. ಆ ಎರಡು ದಿನವನ್ನು ನೀವೇ ಕೂತು ಮಾಡಬೇಕು, ಮಾಡಿದ್ದು ಬೇರೆಯವರಿಗೆ ಕಾಣುವಂತೆ ಇಡಬೇಕು. ಅದಕ್ಕೆ ಹೊಸ ಪ್ರಾಜೆಕ್ಟ್ ಬೇಡ. ಆ ಖಾಲಿ ಬ್ರಾಕೆಟ್ ಸಾಕು.

ಬನ್ನಿ, ಅದನ್ನೇ ಬಿಡಿಸೋಣ. ಯೂಸ್‌ಎಫೆಕ್ಟ್‌ನ ಕೊನೆಯ ಬ್ರಾಕೆಟ್‌ನಲ್ಲಿ ಬರೆಯುವುದು "ಯಾವುದು ಬದಲಾದರೆ ಇದು ಮತ್ತೆ ಓಡಬೇಕು" ಅನ್ನುವ ಪಟ್ಟಿ. ಖಾಲಿ ಬಿಟ್ಟರೆ ಪುಟ ಮೊದಲ ಸಲ ಬಂದಾಗ ಮಾತ್ರ ಓಡುತ್ತದೆ, ಆಮೇಲೆ ಓಡುವುದಿಲ್ಲ. ಅದಕ್ಕೇ ನೀವು ಊರು ಬದಲಿಸಿದರೂ ಹಳೇ ಉಷ್ಣಾಂಶವೇ ಉಳಿಯುತ್ತಿತ್ತು. ರೀಲೋಡ್ ಸಾಲು ಮಾಡಿದ್ದು ಇಷ್ಟೇ: ಪ್ರತಿ ಸಲವೂ ಪುಟವನ್ನೇ ಹೊಸದಾಗಿ ತೆರೆದು "ಮೊದಲ ಸಲ" ಆಗುವಂತೆ ಮಾಡಿತು. ಬ್ರಾಕೆಟ್ ಒಳಗೆ ಊರಿನ ವೇರಿಯೇಬಲ್ ಹಾಕಿ, ರೀಲೋಡ್ ತೆಗೆಯಿರಿ. ಸರಿಯಾಗುತ್ತದೆ.

ಅಲ್ಲಿಗೆ ನಿಲ್ಲಬೇಡಿ. ಇನ್ನೊಂದು ತಪ್ಪು ಅಡಗಿ ಕೂತಿದೆ. ಬ್ರೌಸರ್‌ನಲ್ಲೇ ಇರುವ, ಪುಟದ ಒಳಗನ್ನು ತೋರಿಸುವ ಡೆವ್‌ಟೂಲ್ಸ್‌ನಲ್ಲಿ ನೆಟ್‌ವರ್ಕ್ ನಿಧಾನ ಮಾಡಿ. ಒಂದು ಊರು ಆರಿಸಿ, ಉತ್ತರ ಬರುವ ಮುಂಚೆಯೇ ಇನ್ನೊಂದು ಆರಿಸಿ. ಹೀಗೆ ಹತ್ತಿಪ್ಪತ್ತು ಸಲ ಮಾಡಿ. ಮೊದಲ ಊರಿನ ಉತ್ತರ ತಡವಾಗಿ, ಎರಡನೆಯದರ ನಂತರ ಬಂದರೆ ಏನಾಗುತ್ತದೆ? ಮೇಲೆ ಎರಡನೇ ಊರಿನ ಹೆಸರು, ಕೆಳಗೆ ಮೊದಲ ಊರಿನ ಉಷ್ಣಾಂಶ. ಇದಕ್ಕೆ ರೇಸ್ ಕಂಡೀಷನ್ ಅನ್ನುತ್ತಾರೆ. ಯೂಸ್‌ಎಫೆಕ್ಟ್‌ನ ಕ್ಲೀನಪ್ ಫಂಕ್ಷನ್‌ನಲ್ಲಿ, ಅಂದರೆ ಅದು ಮತ್ತೆ ಓಡುವ ಮುಂಚೆ ನಡೆಯುವ ಭಾಗದಲ್ಲಿ, ಅಬಾರ್ಟ್ ಕಂಟ್ರೋಲರ್ ಬಳಸಿ ಹಳೇ ರಿಕ್ವೆಸ್ಟ್ ರದ್ದು ಮಾಡಬೇಕು. ನಾನು ಹೇಳಿದ್ದನ್ನು ನಂಬಬೇಡಿ. ಕಣ್ಣಾರೆ ತಪ್ಪು ಉಷ್ಣಾಂಶ ನೋಡಿ, ಆಮೇಲೆ ತಿದ್ದಿ.

ಎಐ ಬಿಡಬೇಕಾ ಅಂತ ಕೇಳಿದಿರಿ. ಬೇಡ. ನಾನೇ ದಿನವೂ ಬಳಸುತ್ತೇನೆ. ನನ್ನ ಒಂದು ನಿಯಮ ಹೇಳುತ್ತೇನೆ: ಅದು ಕೊಟ್ಟ ಕೋಡ್ ಸೇರಿಸುವ ಮುಂಚೆ ಪರದೆ ಮುಚ್ಚಿ, ಪ್ರತಿ ಸಾಲು ಯಾಕೆ ಇದೆ ಅಂತ ಬಾಯಿಬಿಟ್ಟು ಹೇಳಿಕೊಳ್ಳುತ್ತೇನೆ. ಹೇಳಲು ಬಾರದ ಸಾಲು ಒಳಗೆ ಹೋಗುವುದಿಲ್ಲ. ಮೊದಲ ವಾರ ತುಂಬಾ ನಿಧಾನ ಅನಿಸುತ್ತದೆ.

ರೆಸ್ಯೂಮೆ ಬಗ್ಗೆ ಒಂದೇ ಮಾತು. ನಿಮ್ಮ ಪಿಡಿಎಫ್ ತೆರೆದು, ಎಲ್ಲವನ್ನೂ ಆರಿಸಿ ಕಾಪಿ ಮಾಡಿ, ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ಎರಡು ಕಾಲಂ ಇರುವ ಚೆಂದದ ಟೆಂಪ್ಲೇಟ್ ಆಗಿದ್ದರೆ ಸಾಲುಗಳು ಒಂದರೊಳಗೊಂದು ಸೇರಿ ಕಲಸಿಹೋಗಿರಬಹುದು. ಅರ್ಜಿ ಸೋಸುವ ಸಾಫ್ಟ್‌ವೇರ್‌ಗೂ ಹಾಗೇ ಕಾಣಬಹುದು. ಒಂದೇ ಕಾಲಂ, ಸಾದಾ ಅಕ್ಷರ ಸಾಕು.

ಉತ್ತರ: ಟೆಸ್ಟ್ ಬರೆಯುವವ

ಹಳೇ ಕೀಲಿಮಣೆ ಅಕ್ಕ ಹೇಳಿದ್ದಕ್ಕೆ ಸೇರಿಸುತ್ತೇನೆ. ನನಗೆ ಹನ್ನೊಂದು ತಿಂಗಳ ಹುಡುಕಾಟದ ನಂತರ ಕೆಲಸ ಸಿಕ್ಕಿತು. ಸಿಕ್ಕಿ ಈಗ ಒಂದೂವರೆ ವರ್ಷ.

ನಾನು "ಡೆವಲಪರ್" ಅಂತ ಬರೆದ ಜಾಹೀರಾತುಗಳಿಗೆ ಮಾತ್ರ ಅರ್ಜಿ ಹಾಕುತ್ತಿದ್ದೆ. ಎಂಟನೇ ತಿಂಗಳಲ್ಲಿ ಟೆಸ್ಟಿಂಗ್, ಟೆಕ್ನಿಕಲ್ ಸಪೋರ್ಟ್ ಕೂಡ ಸೇರಿಸಿದೆ. ಮೊದಲು ಮನಸ್ಸು ಒಪ್ಪಲಿಲ್ಲ. ಈಗ ಅನಿಸುತ್ತದೆ, ಮುಂಚೆಯೇ ಮಾಡಬೇಕಿತ್ತು. ಟೆಸ್ಟಿಂಗ್‌ನಲ್ಲಿ ಇಡೀ ಸಾಫ್ಟ್‌ವೇರ್ ಹೇಗೆ ಮುರಿಯುತ್ತದೆ ಅಂತ ದಿನವೂ ಕಾಣುತ್ತದೆ. ಆರು ತಿಂಗಳಾದ ಮೇಲೆ ನಾನು ಕಂಡುಹಿಡಿದ ಸಣ್ಣ ತಪ್ಪುಗಳನ್ನು ನಾನೇ ತಿದ್ದಬಹುದಾ ಅಂತ ಕೇಳಿದೆ. ಒಪ್ಪಿದರು. ಎಲ್ಲ ಕಡೆ ಒಪ್ಪುವುದಿಲ್ಲ, ಅದಕ್ಕೆ ಸೇರುವಾಗಲೇ ಕೇಳಿಕೊಳ್ಳಿ.

ಇನ್ನೊಂದು, ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ನೋಡಿ ತಿದ್ದಬಹುದಾದ ಕೋಡ್. ಎಲ್ಲರೂ ಇದನ್ನೇ ಹೇಳುತ್ತಾರೆ, ಹೇಗೆ ಅಂತ ಯಾರೂ ಹೇಳುವುದಿಲ್ಲ. ಗಿಟ್‌ಹಬ್‌ನಲ್ಲಿ ಹೊಸಬರಿಗೆ ಹೊಂದುವ ಕೆಲಸಕ್ಕೆ "ಗುಡ್ ಫಸ್ಟ್ ಇಶ್ಯೂ" ಅಂತ ಲೇಬಲ್ ಇರುತ್ತದೆ. ಹೆಸರಾದ ಪ್ರಾಜೆಕ್ಟ್‌ಗಳಲ್ಲಿ ಅದು ಬಂದ ಕೂಡಲೇ "ನಾನು ಮಾಡಲಾ" ಅಂತ ಸಾಲುಗಟ್ಟಿ ಕೇಳುತ್ತಾರೆ. ಅಲ್ಲಿ ನಿಲ್ಲಬೇಡಿ. ಸುಮ್ನೆ ಪ್ರಾಜೆಕ್ಟ್‌ನ ಪರಿಚಯ ಬರೆದಿಡುವ ರೀಡ್‌ಮಿಯಲ್ಲಿ ಒಂದು ಪದ ತಿದ್ದಿ ಕಳಿಸುವುದೂ ಬೇಡ. ಓಪನ್ ಸೋರ್ಸ್‌ಗೆ ನೆರವಾದವರಿಗೆ ಟೀ ಶರ್ಟ್ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ 2020ರಲ್ಲಿ ಆ ಆಸೆಗೆ ಇಂಥ ಪುಲ್ ರಿಕ್ವೆಸ್ಟ್‌ಗಳ (ನನ್ನ ತಿದ್ದುಪಡಿ ಸೇರಿಸಿಕೊಳ್ಳಿ ಅನ್ನುವ ಕೋರಿಕೆಗಳ) ಮಳೆ ಸುರಿದು, ನಡೆಸುವವರು ನಡುವೆಯೇ ನಿಯಮ ಬದಲಿಸಬೇಕಾಯಿತು. ಈಗ ಕೋಡ್‌ನಲ್ಲಿ ತಪ್ಪಿದೆ ಅಂತ ಎಐ ಬರೆದ ಸುಳ್ಳು ವರದಿಗಳ ಕಾಟ ಬೇರೆ. ಇಂಟರ್ನೆಟ್‌ನಿಂದ ಡೇಟಾ ತರುವ ಕರ್ಲ್ ಅನ್ನುವ ಓಪನ್ ಸೋರ್ಸ್ ಸಾಫ್ಟ್‌ವೇರ್ ನಡೆಸುವ ಡೇನಿಯಲ್ ಸ್ಟೆನ್‌ಬರ್ಗ್ 2024ರ ಜನವರಿಯಲ್ಲೇ ಅದರ ಬಗ್ಗೆ ಬೇಸರದಿಂದ ಬರೆದಿದ್ದರು. ಪ್ರಾಜೆಕ್ಟ್ ನೋಡಿಕೊಳ್ಳುವವರು ದಣಿದಿದ್ದಾರೆ. ಅವರ ಭಾರ ಇಳಿಸುವ ಕೆಲಸ ಮಾಡಿದರೆ ಹೆಸರು ನೆನಪಿಟ್ಟುಕೊಳ್ಳುತ್ತಾರೆ.

ನಾನು ಮಾಡಿದ್ದು ಇದು. ನಾನೇ ಬಳಸುತ್ತಿದ್ದ ಒಂದು ಸಣ್ಣ ಲೈಬ್ರರಿ, ಟೇಬಲ್ ಅನ್ನು ಸಿಎಸ್‌ವಿ ಫೈಲ್ ಆಗಿ, ಅಂದರೆ ನಡುವೆ ಕಾಮಾ ಹಾಕಿದ ಸಾದಾ ಅಕ್ಷರದ ಫೈಲ್ ಆಗಿ, ಕೊಡುವಂಥದ್ದು. ಯಾರೋ "ಕಾಲಂ ಎಲ್ಲ ಜರುಗಿಹೋಗುತ್ತದೆ" ಅಂತ ದೂರು ಬರೆದಿದ್ದರು. ಯಾವಾಗ, ಹೇಗೆ ಅಂತ ಬರೆದಿರಲಿಲ್ಲ. ನಾಲ್ಕು ತಿಂಗಳಿಂದ ಹಾಗೇ ಬಿದ್ದಿತ್ತು. ನಾನು ಒಂದೊಂದೇ ಥರದ ಡೇಟಾ ಹಾಕಿ ನೋಡಿದೆ. ಕಾಮಾ ಇದ್ದರೆ ಸರಿಯಾಗಿ ಬರುತ್ತಿತ್ತು. ಹೊಸ ಸಾಲು ಇದ್ದರೂ ಸರಿ. ಆದರೆ ಟೇಬಲ್‌ನ ಒಂದೇ ಮನೆಯಲ್ಲಿ ಡಬಲ್ ಕೋಟ್ ಮತ್ತು ಕಾಮಾ ಎರಡೂ ಇದ್ದರೆ ಮುರಿಯುತ್ತಿತ್ತು. ಸಿಎಸ್‌ವಿಯ ನಿಯಮ ಬರೆದಿರುವ ಆರ್‌ಎಫ್‌ಸಿ 4180 ಓದಿದೆ, 2005ರದ್ದು, ಕೆಲವೇ ಪುಟ. ಕೋಟ್ ಒಳಗೆ ಕೋಟ್ ಬಂದರೆ ಅದನ್ನು ಎರಡು ಸಲ ಬರೆಯಬೇಕು ಅಂತ ಅಲ್ಲಿದೆ. ಲೈಬ್ರರಿ ಅದನ್ನು ಮಾಡುತ್ತಿರಲಿಲ್ಲ.

ಹನ್ನೆರಡು ಸಾಲಿನಲ್ಲಿ ತಪ್ಪು ತೋರಿಸುವ ಕೋಡ್ ಬರೆದು ಆ ದೂರಿನ ಕೆಳಗೆ ಹಾಕಿದೆ. ನೋಡಿಕೊಳ್ಳುವವರು ಮರುದಿನವೇ "ತಿದ್ದಿ ಕಳಿಸುತ್ತೀರಾ?" ಅಂತ ಕೇಳಿದರು. ಮೂರು ಸಾಲಿನ ತಿದ್ದುಪಡಿ, ನಾಲ್ಕು ಟೆಸ್ಟ್. ಎರಡು ಸಲ ವಾಪಸ್ ಕಳಿಸಿದರು, ಐದು ವಾರ ಹಿಡಿಯಿತು. ಆಮೇಲೆ ನನಗೆ ಕೆಲಸ ಕೊಟ್ಟ ಇಂಟರ್‌ವ್ಯೂನಲ್ಲಿ ಒಂದು ಗಂಟೆಯಲ್ಲಿ 25 ನಿಮಿಷ ಇದೇ ಮಾತು. "ಎರಡು ಸಲ ಯಾಕೆ ವಾಪಸ್ ಬಂತು?" ಅಂತ ಕೇಳಿದರು. ನನಗೆ ಪ್ರತಿಯೊಂದೂ ನೆನಪಿತ್ತು.

ಸಂಬಳ ಕೊಟ್ಟು ಕಲಿಸುವ ದಾರಿಗಳೂ ಇವೆ. ಗೂಗಲ್ ಸಮ್ಮರ್ ಆಫ್ ಕೋಡ್ 2005ರಿಂದ ನಡೆಯುತ್ತಿದೆ. ಮೊದಲು ವಿದ್ಯಾರ್ಥಿಗಳಿಗೆ ಮಾತ್ರ ಇತ್ತು. 2022ರಿಂದ 18 ವರ್ಷ ತುಂಬಿದ, ಓಪನ್ ಸೋರ್ಸ್‌ಗೆ ಹೊಸಬರಾದ ಯಾರು ಬೇಕಾದರೂ ಅರ್ಜಿ ಹಾಕಬಹುದು. ಔಟ್‌ರೀಚಿ ಕೂಡ ನೋಡಿ, ಮನೆಯಿಂದಲೇ ಮಾಡುವ ಇಂಟರ್ನ್‌ಶಿಪ್.

ಆ ಗ್ರಾಫ್ ಪ್ರಶ್ನೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ದಿನಕ್ಕೆ ಒಂದು ಗಂಟೆ ಅಭ್ಯಾಸ ಮಾಡಿ, ಅದು ಬೇಕೇ ಬೇಕು. ಆದರೆ ಮ್ಯಾಕ್‌ನಲ್ಲಿ ಸಾಫ್ಟ್‌ವೇರ್ ಹಾಕಿಕೊಳ್ಳಲು ಬಳಸುವ ಹೋಮ್‌ಬ್ರೂ ಬರೆದ ಮ್ಯಾಕ್ಸ್ ಹೋವೆಲ್ ಅವರೇ ಬೋರ್ಡ್ ಮೇಲೆ ಬೈನರಿ ಟ್ರೀ (ಕೊಂಬೆ ಕೊಂಬೆಯಾಗಿ ಡೇಟಾ ಜೋಡಿಸುವ ಬಗೆ) ತಿರುಗಿಸಲು ಆಗದೆ ಗೂಗಲ್ ತನ್ನನ್ನು ತೆಗೆದುಕೊಳ್ಳಲಿಲ್ಲ ಅಂತ 2015ರಲ್ಲಿ ಬರೆದಿದ್ದರು. ಆ ಪರೀಕ್ಷೆ ಅಳೆಯುವುದು ಒಂದು ಸಣ್ಣ ಭಾಗವನ್ನು.

ಉತ್ತರ: ಎರಡನೇ ಇಳಿತ

ಎರಡೇ ವಿಷಯ ಹೇಳಿ ಹೋಗುತ್ತೇನೆ.

ನಾನು ಓದು ಮುಗಿಸಿದ್ದು 2001ರಲ್ಲಿ. ಹಿಂದಿನ ವರ್ಷ ಡಾಟ್‌ಕಾಂ ಗುಳ್ಳೆ ಒಡೆದಿತ್ತು. ಕೈಗೆ ಬಂದಿದ್ದ ಆಫರ್ ಲೆಟರ್ ವಾಪಸ್ ತೆಗೆದುಕೊಂಡರು. ಮೊದಲ ಕೆಲಸ ಸಿಗಲು 19 ತಿಂಗಳು ಬೇಕಾಯಿತು. ಆಗಲೂ "ಈ ಕ್ಷೇತ್ರ ಮುಗಿಯಿತು" ಅನ್ನುವವರು ಇದ್ದರು. ಈಗಿನದು ಅದೇ ಥರ ತಿರುಗುತ್ತದೆ ಅಂತ ನಾನು ಮಾತು ಕೊಡಲಾರೆ. ಆಗ ಎಐ ಇರಲಿಲ್ಲ. ಆದರೆ ಆ 19 ತಿಂಗಳಲ್ಲಿ ರಾತ್ರಿ ಎದೆ ಭಾರ ಆಗುವುದು ಹೇಗಿರುತ್ತದೆ ಅಂತ ನನಗೆ ಗೊತ್ತು. ಆ ಶೀಟ್ ಅನ್ನು ರಾತ್ರಿ ತೆರೆಯಬೇಡಿ. ವಾರಕ್ಕೆ ಒಂದು ದಿನ, ಬೆಳಗ್ಗೆ ಹೊತ್ತು ತುಂಬಿಸಿ ಮುಚ್ಚಿಬಿಡಿ. ನಾನು ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದೆ, ಕೊನೆಗೆ ಹಾಗೇ ಮಾಡಿದೆ.

ಎರಡನೆಯದು ಆ ಅಸೈನ್‌ಮೆಂಟ್. ನಾಲ್ಕು ದಿನದ ಕೆಲಸ ತೆಗೆದುಕೊಂಡು ತೆರೆದೂ ನೋಡದೆ ಇರುವುದು ಅನ್ಯಾಯ. ಅದನ್ನು ಅನ್ಯಾಯ ಅಂತಲೇ ಕರೆಯಿರಿ, ನಿಮ್ಮ ತಲೆಗೆ ಕಟ್ಟಿಕೊಳ್ಳಬೇಡಿ. ಮುಂದಿನ ಸಲ ಶುರು ಮಾಡುವ ಮುಂಚೆ ವಿನಯದಿಂದ ಕೇಳಿ: ಇದಕ್ಕೆ ಎಷ್ಟು ಗಂಟೆ ಅಂದುಕೊಂಡಿದ್ದೀರಿ? ಯಾರು ನೋಡುತ್ತಾರೆ? ನೋಡಿದ ಮೇಲೆ ಅದರ ಬಗ್ಗೆ ಮಾತುಕತೆ ಇರುತ್ತದಾ? ನಿಜವಾಗಿ ಜನ ಬೇಕಾದವರು ಉತ್ತರ ಕೊಡುತ್ತಾರೆ. ಉತ್ತರ ಬರದಿದ್ದರೆ ನಾಲ್ಕು ದಿನ ಉಳಿಯಿತು.

ಇದರ ಜೊತೆಗೇ ಒಂದು ಎಚ್ಚರಿಕೆ. ಆರೇಳು ತಿಂಗಳು ಕಳೆದವರನ್ನೇ ಹುಡುಕಿಕೊಂಡು ಮೋಸಗಾರರು ಬರುತ್ತಾರೆ. ಟ್ರೇನಿಂಗ್ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ದಾಖಲೆ ಪರಿಶೀಲನೆ, ಏನೇ ಹೆಸರು ಹೇಳಲಿ, ಕೆಲಸ ಕೊಡುವವರು ನಿಮ್ಮಿಂದ ಹಣ ಕೇಳಿದರೆ ಅಲ್ಲಿಗೆ ಮಾತು ನಿಲ್ಲಿಸಿ. ಮುಖ ತೋರಿಸದೆ ಚಾಟ್‌ನಲ್ಲೇ ಇಂಟರ್‌ವ್ಯೂ ಮುಗಿಸಿ ಆಫರ್ ಕೊಟ್ಟರೆ ಅನುಮಾನಪಡಿ. ಮೇಲ್ ಬಂದ ವಿಳಾಸದಲ್ಲಿ @ ಆದಮೇಲೆ ಏನಿದೆ, ಅಕ್ಷರ ಅಕ್ಷರ ನೋಡಿ. ಒಂದು ಅಕ್ಷರ ಮಾತ್ರ ಬೇರೆ ಇರಬಹುದು. ಕೊನೆಗೆ ಕಂಪನಿಯ ಸ್ವಂತ ವೆಬ್‌ಸೈಟ್‌ಗೆ ಹೋಗಿ ಆ ಹುದ್ದೆ ಅಲ್ಲಿ ಇದೆಯಾ ನೋಡಿ.

ಮತ್ತೆ ಬರೆದವರು: ಮೊದಲ ಕಮಿಟ್

ಮೂವರಿಗೂ ತುಂಬಾ ಥ್ಯಾಂಕ್ಸ್. ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ, ಯಾಕೆಂದರೆ ಆ ಎರಡು ದಿನ ಬ್ರಾಕೆಟ್ ಜೊತೆಗೇ ಇದ್ದೆ.

ಊರಿನ ವೇರಿಯೇಬಲ್ ಹಾಕಿ ರೀಲೋಡ್ ತೆಗೆದೆ. ಪುಟ ಮಿನುಗುವುದು ನಿಂತಿತು. ಆಮೇಲೆ ಅಕ್ಕ ಹೇಳಿದ ಹಾಗೆ ನೆಟ್‌ವರ್ಕ್ ನಿಧಾನ ಮಾಡಿ ಊರುಗಳನ್ನು ಬೇಗ ಬೇಗ ಬದಲಿಸಿದೆ. ಹನ್ನೊಂದು ಸಲ ಸರಿಯಾಗೇ ಬಂತು. ಹನ್ನೆರಡನೇ ಸಲ ಮೇಲೆ ಸುಡುವ ಬಿಸಿಲಿನ ಊರಿನ ಹೆಸರು, ಕೆಳಗೆ ಮೈನಸ್ 4 ಡಿಗ್ರಿ. ಎದ್ದು ನಿಂತುಬಿಟ್ಟೆ. ನೆಟ್‌ವರ್ಕ್ ಟ್ಯಾಬ್‌ನಲ್ಲಿ ಎರಡು ರಿಕ್ವೆಸ್ಟ್, ಮೊದಲು ಹೋದದ್ದು ಕೊನೆಗೆ ಬಂದಿತ್ತು. ಸ್ಕ್ರೀನ್‌ಶಾಟ್ ತೆಗೆದಿಟ್ಟೆ. ಅಬಾರ್ಟ್ ಕಂಟ್ರೋಲರ್ ಹಾಕಿದ ಮೇಲೆ ಐವತ್ತು ಸಲ ನೋಡಿದೆ, ಒಂದು ಸಲವೂ ತಪ್ಪಲಿಲ್ಲ. ಆದರೆ ರದ್ದಾದ ರಿಕ್ವೆಸ್ಟ್ ಎರರ್ ಆಗಿ ಬಂದು "ಏನೋ ತಪ್ಪಾಗಿದೆ" ಅಂತ ಕೆಂಪು ಅಕ್ಷರ ತೋರಿಸುತ್ತಿತ್ತು. ಅದು ನಿಜವಾದ ಎರರ್ ಅಲ್ಲ, ನಾವೇ ರದ್ದು ಮಾಡಿದ್ದು ಅಂತ ಬೇರೆ ಮಾಡಿ ನೋಡಬೇಕಿತ್ತು. ಇದನ್ನು ನಾನೇ ಕಂಡುಕೊಂಡೆ.

ರೆಸ್ಯೂಮೆ ನೋಟ್‌ಪ್ಯಾಡ್‌ನಲ್ಲಿ ಹಾಕಿದೆ. ನನ್ನ ಫೋನ್ ನಂಬರ್ ಪ್ರಾಜೆಕ್ಟ್ ಹೆಸರಿನ ನಡುವೆ ಸೇರಿಕೊಂಡಿತ್ತು. 140 ಕಡೆಗೂ ಹೋಗಿದ್ದು ಅದೇ. ಬದಲಿಸಿದೆ.

ಅಕ್ಕ, ಒಂದು ಪ್ರಶ್ನೆ. ಇದನ್ನೆಲ್ಲ ರೀಡ್‌ಮಿಯಲ್ಲಿ ಬರೆಯುತ್ತಿದ್ದೇನೆ. ಮೊದಲ ಕೋಡ್ ಎಐ ಕೊಟ್ಟದ್ದು, ಅದು ನನಗೆ ಅರ್ಥ ಆಗಿರಲಿಲ್ಲ ಅಂತಲೂ ಬರೆಯಬೇಕಾ? ಓದಿದವರು ಕಡಿಮೆ ಅಂದುಕೊಂಡರೆ?

ಉತ್ತರ: ಹಳೇ ಕೀಲಿಮಣೆ

ಬರೆಯಿರಿ. ಒಂದೇ ವಾಕ್ಯ ಸಾಕು. "ಈ ಭಾಗ ಎಐನಿಂದ ಬಂದಿತ್ತು, ಇದರಲ್ಲಿ ಎರಡು ತಪ್ಪು ಇತ್ತು, ಕಂಡುಹಿಡಿದದ್ದು ಹೀಗೆ." ಆಮೇಲೆ ಮೈನಸ್ 4ರ ಸ್ಕ್ರೀನ್‌ಶಾಟ್ ಹಾಕಿ. ಅದರ ಕೆಳಗೆ ಮತ್ತೆ ಆ ತಪ್ಪು ಬರುವಂತೆ ಮಾಡುವುದು ಹೇಗೆ ಅಂತ ಹಂತ ಹಂತವಾಗಿ ಬರೆಯಿರಿ. ಓದಿದವರು ತಮ್ಮ ಕಂಪ್ಯೂಟರ್‌ನಲ್ಲೇ ಮಾಡಿ ನೋಡುವಂತಿರಲಿ. ಹಳೇ ಕಮಿಟ್, ಅಂದರೆ ಉಳಿಸಿಟ್ಟ ಹಿಂದಿನ ಬದಲಾವಣೆ, ಅಳಿಸಬೇಡಿ, ರೀಲೋಡ್ ಸಾಲು ಇದ್ದದ್ದು, ಹೋದದ್ದು ಎರಡೂ ಗಿಟ್ ಇತಿಹಾಸದಲ್ಲಿ ಕಾಣಲಿ.

ಆ ಕೆಂಪು ಅಕ್ಷರದ ವಿಷಯ ನಾನು ನಿಮಗೆ ಹೇಳಿರಲಿಲ್ಲ ಅಲ್ವಾ. ಅದಕ್ಕೆ ಒಂದು ಟೆಸ್ಟ್ ಬರೆದು ಸೇರಿಸಿ.

ಇನ್ನೊಂದು. ನಿಮ್ಮನ್ನು ಬ್ರಾಕೆಟ್ ಬಗ್ಗೆ ಕೇಳಿದವರ ಮೇಲ್ ವಿಳಾಸ ಇದ್ದರೆ ನಾಲ್ಕು ಸಾಲು ಬರೆಯಿರಿ. ಕೆಲಸ ಕೇಳಬೇಡಿ. "ನೀವು ಕೇಳಿದ ಪ್ರಶ್ನೆಗೆ ಆವತ್ತು ಉತ್ತರ ಗೊತ್ತಿರಲಿಲ್ಲ, ಈಗ ಗೊತ್ತಾಯಿತು, ಲಿಂಕ್ ಇಲ್ಲಿದೆ", ಅಷ್ಟೇ. ಉತ್ತರ ಬರದೇ ಇರಬಹುದು. ಆದರೆ ನನಗೆ ಯಾರಾದರೂ ಅಂಥ ಮೇಲ್ ಕಳಿಸಿದ್ದರೆ ನಾನು ಖಂಡಿತ ತೆರೆದು ನೋಡುತ್ತಿದ್ದೆ.

ರೀಡ್‌ಮಿ ಮುಗಿದ ಮೇಲೆ ಲಿಂಕ್ ಇಲ್ಲೇ ಹಾಕಿ. ಭಾನುವಾರ ಕೂತು ಓದಿ, ಪುಲ್ ರಿಕ್ವೆಸ್ಟ್ ನೋಡುವ ಹಾಗೇ ಸಾಲು ಸಾಲಿಗೆ ಕಾಮೆಂಟ್ ಬರೆಯುತ್ತೇನೆ. ಎರಡು ಸಲ ವಾಪಸ್ ಕಳಿಸಿದರೆ ಬೇಜಾರು ಮಾಡಿಕೊಳ್ಳಬೇಡಿ.